ಮಗ್ಗದ ಓಣಿಯ ತಡೆಗಲ್ಲು

ಕಂಬದ ತುದಿಯಲ್ಲಿ ಲೈನ್‌ಮನ್ ದಸ್ತಗೀರ ಜಮಾದಾರನ ಕೈ ತಂತಿಯಿಂದ ಒಂದು ಗೇಣು ದೂರದಲ್ಲಿ ನಿಂತುಬಿಟ್ಟಿತ್ತು. ಕೆಳಗೆ ಓಣಿಯ ಎರಡೂ ಬದಿಗೆ ಪ್ರತಿ ಮನೆಯಲ್ಲೂ ಮಗ್ಗ ಓಡುತ್ತಿತ್ತು. ಲಾಳಿಗಳ ಸದ್ದಿಗೆ ಕಿಟಕಿಯ ಗಾಜು ನಡುಗುತ್ತಿತ್ತು. ಊರಿನ ಲೈನ್ ಬಂದ್ ಆಗಿ ಅರ್ಧ ಗಂಟೆಯಾಗಿತ್ತು. ಮಗ್ಗಗಳಿಗೆ ಮಾತ್ರ ಅದು ತಿಳಿದಿರಲಿಲ್ಲ.

ಪರೀಕ್ಷೆಯ ಕೋಲನ್ನು ಅವನು ಆಗಲೇ ತಂತಿಗೆ ಮುಟ್ಟಿಸಿ ನೋಡಿದ್ದ. ವಿದ್ಯುತ್ತು ಇದ್ದರೆ ಉರಿಯುವ ಕೆಂಪು ದೀಪ ಹತ್ತಿರಲಿಲ್ಲ. ಇನ್ನೊಮ್ಮೆ ಮುಟ್ಟಿಸಿದ. ಹತ್ತಲಿಲ್ಲ. ಆದರೂ ಕೈ ಮುಂದೆ ಹೋಗಲಿಲ್ಲ.

"ವೈನಿ, ಮಗ್ಗ ಬಂದ್ ಮಾಡಸ್ರಿ" ಎಂದು ಮೇಲಿನಿಂದ ಕೂಗಿದ.

"ಮಾಡ್ಸೂದಿಲ್ಲ. ಮುಟ್ಟು" ಎಂದಳು ಕೆಳಗೆ ನಿಂತ ಸಂಹಿತಾ ಮುರಗುಂಡಿ.

"ಈ ಸದ್ದಿನಾಗ ಕೈ ಹೋಗವಲ್ತ್ರಿ."

"ಲೇ ದಸ್ತಗೀರ್ಯಾ" ಎಂದು ಮೂರನೆಯ ಮನೆಯ ಕಟ್ಟೆಯಿಂದ ಮಹಾನಂದಕ್ಕ ದನಿ ಎತ್ತಿದಳು. "ಮದುವಿ ಹೆಣ್ಣು ನೋಡಾಕ ಹೋದಾಗೂ ಹಿಂಗ ನಾಚಿದ್ದೇನಲೇ? ಮುಟ್ಟೋ ಮಾರಾಯಾ, ನನ್ನ ಸೀರಿ ಸೆರಗಿಗೆ ಬಂದೈತಿ."

ಓಣಿ ನಕ್ಕಿತು. ದಸ್ತಗೀರ ನಗಲಿಲ್ಲ. ಕಣ್ಣು ಮುಚ್ಚಿ ಕೈ ಚಾಚಿ ತಂತಿ ಹಿಡಿದ. ಸ್ವಲ್ಪ ಹೊತ್ತು ಹಿಡಿದೇ ಇದ್ದ. ಆಮೇಲೆ ಕಣ್ಣು ತೆರೆದು, ತಂತಿಯನ್ನು ಒಮ್ಮೆ ಅಲುಗಾಡಿಸಿ ನೋಡಿದ.

"ಹಗ್ಗ ಇದ್ದಂಗ ಐತ್ರಿ ವೈನಿ! ಬಟ್ಟಿ ಒಣಗ ಹಾಕೂ ಹಗ್ಗ!"

ನೂಲಹಟ್ಟಿಯಲ್ಲಿ ಮಗ್ಗ ಓಡುತ್ತಿರುವಾಗ ಲೈನ್‌ಮನ್ ಒಬ್ಬ ತಂತಿ ಮುಟ್ಟಿದ್ದು ಅದೇ ಮೊದಲು.

ಕೃಷ್ಣೆಯ ಆಚೆ ದಂಡೆಯ ಈ ಊರಿನಲ್ಲಿ ನೇಯ್ಗೆ ಬಿಟ್ಟರೆ ಬೇರೆ ಕಸುಬಿಲ್ಲ. ಲೈನ್‌ಮನ್‌ಗಳೂ ನೇಕಾರರ ನಡುವೆಯೇ ಬೆಳೆದವರು. ಹಾಗಾಗಿ ಅವರಿಗೊಂದು ಪದ್ಧತಿ ಇತ್ತು. ಲೈನ್ ಬಂದ್ ಆಗಿದೆ ಎಂದು ಕಚೇರಿಯಿಂದ ಹೇಳಿಸಿಕೊಂಡರೂ ಅವರು ಕೂಡಲೇ ಕಂಬ ಹತ್ತುತ್ತಿರಲಿಲ್ಲ. ಬುಡದಲ್ಲಿ ನಿಂತು ಕಿವಿಗೊಡುತ್ತಿದ್ದರು. ಓಣಿಯ ಮಗ್ಗಗಳು ಒಂದೊಂದಾಗಿ ನಿಂತು, ಕೊನೆಯ ಲಾಳಿಯ ಸದ್ದೂ ಅಡಗಿದ ಮೇಲೆ ಹತ್ತುತ್ತಿದ್ದರು. ಅಜ್ಜಂದಿರ ಕಾಲದಲ್ಲಿ ಇದು ಒಳ್ಳೆಯ ಪದ್ಧತಿಯೇ ಆಗಿತ್ತು. ಆಗ ವಿದ್ಯುತ್ತು ತಂತಿಯಿಂದ ಮನೆಗೆ ಬರುತ್ತಿತ್ತು. ಮನೆಯಿಂದ ತಂತಿಗೆ ಹೋಗುವಷ್ಟು ಯಾರ ಮನೆಯಲ್ಲೂ ಇರಲಿಲ್ಲ.

ಈ ಶತಮಾನದ ಮಧ್ಯಭಾಗ ದಾಟುವ ಹೊತ್ತಿಗೆ ಕಾಲ ತಿರುಗಿತ್ತು. ಪ್ರತಿ ಮನೆಯ ಮಾಳಿಗೆಯ ಮೇಲೆ ಸೂರ್ಯಫಲಕ, ಜಗಲಿಯ ಮೂಲೆಯಲ್ಲಿ ಕಪಾಟಿನಷ್ಟು ದೊಡ್ಡ ಬ್ಯಾಟರಿ. ಲೈನ್ ಹೋದರೆ ಮನೆಯನ್ನು ತಂತಿಯಿಂದ ಬೇರ್ಪಡಿಸಿ ಬ್ಯಾಟರಿಗೆ ಜೋಡಿಸುವ ಸ್ವಿಚ್ಚು ಎಲ್ಲರ ಮನೆಯಲ್ಲೂ ಇತ್ತು. ಆ ಬದಲಾವಣೆಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಹಿಡಿಯುತ್ತದೆ. ಬೇರೆ ಊರಿನಲ್ಲಿ ಅಷ್ಟು ಹೊತ್ತನ್ನು ಯಾರೂ ಗಮನಿಸುವುದಿಲ್ಲ, ದೀಪ ಒಮ್ಮೆ ಮಿನುಗುತ್ತದೆ ಅಷ್ಟೆ. ನೂಲಹಟ್ಟಿಯಲ್ಲಿ ಅಷ್ಟರೊಳಗೆ ಮಗ್ಗ ತಡವರಿಸುತ್ತದೆ. ತಡವರಿಸಿದಲ್ಲಿ ರೇಷ್ಮೆಯ ಮೇಲೆ ಅಡ್ಡಕ್ಕೆ ಒಂದು ಗೆರೆ ಮೂಡುತ್ತದೆ. ಗೆರೆ ಬಿದ್ದ ಸೀರೆಯನ್ನು ವ್ಯಾಪಾರಿ ಮಡಿಕೆ ಬಿಚ್ಚಿದ ಕೂಡಲೇ ಹಿಂದಕ್ಕೆ ತಳ್ಳುತ್ತಾನೆ. ಅದಕ್ಕೇ ನೇಕಾರರು ಸ್ವಿಚ್ಚಿನ ಎರಡು ತುದಿಗಳಿಗೆ ಸದ್ದಿಲ್ಲದೆ ಒಂದು ತಾಮ್ರದ ತುಂಡು ಜೋಡಿಸಿಬಿಡುತ್ತಿದ್ದರು. ಆಗ ಬ್ಯಾಟರಿ ಯಾವಾಗಲೂ ತಂತಿಗೆ ಅಂಟಿಕೊಂಡೇ ಇರುತ್ತದೆ. ಮಗ್ಗ ನಿಲ್ಲುವುದಿಲ್ಲ. ಮನೆಯ ವಿದ್ಯುತ್ತು ಸತ್ತ ತಂತಿಯೊಳಕ್ಕೆ ಹಿಮ್ಮುಖವಾಗಿ ಹೊರಟುಬಿಡುತ್ತದೆ. ಓಣಿಯ ಕೊನೆಯ ಟ್ರಾನ್ಸ್‌ಫಾರ್ಮರಿಗೆ ಯಾವುದು ಬರುವ ದಾರಿ, ಯಾವುದು ಹೋಗುವ ದಾರಿ ಎಂಬ ಭೇದವಿಲ್ಲ. ಹನ್ನೊಂದು ಸಾವಿರ ವೋಲ್ಟನ್ನು ಇನ್ನೂರ ಮೂವತ್ತಕ್ಕೆ ಇಳಿಸುವ ಅದೇ ಪೆಟ್ಟಿಗೆ, ಹಿಂದಿನಿಂದ ಬಂದ ಇನ್ನೂರ ಮೂವತ್ತನ್ನು ಹನ್ನೊಂದು ಸಾವಿರಕ್ಕೆ ಏರಿಸಿ ಕಂಬಕ್ಕೆ ಕಳಿಸುತ್ತದೆ.

ಸಂಹಿತಾಳ ಗಂಡ, ದಸ್ತಗೀರ ಅಣ್ಣ ಎನ್ನುತ್ತಿದ್ದ ಶ್ರೀಶೈಲ, ಆ ಕಂಬದ ಮೇಲೆ ಸತ್ತ. ಅವನೂ ಲೈನ್‌ಮನ್. ಅಂದು ಬುಡದಲ್ಲಿ ನಿಂತು ಕಿವಿಗೊಟ್ಟಿದ್ದ. ಓಣಿ ಮೌನವಾಗಿತ್ತು. ಹತ್ತಿ ಕೋಲು ಮುಟ್ಟಿಸಿದ, ದೀಪ ಹತ್ತಲಿಲ್ಲ. ತಂತಿಯನ್ನು ನೆಲಕ್ಕೆ ಜೋಡಿಸುವ ಸರಪಳಿ ಮೂರು ಊರಿಗೆ ಒಂದೇ ಇತ್ತು, ಅಂದು ಅದು ಬೇರೆ ಊರಿನಲ್ಲಿತ್ತು. ಅವನು ತಂತಿ ಹಿಡಿದಿದ್ದಾಗ ಯಾವುದೋ ಮನೆಯಲ್ಲಿ ಯಾರೋ ಬ್ಯಾಟರಿ ಆರಿಸಿಟ್ಟು ಕಡಿದ ಎಳೆಗೆ ಗಂಟು ಹಾಕಿ ಮುಗಿಸಿ, ಮತ್ತೆ ಅದರ ಗುಂಡಿ ಒತ್ತಿದರು. ಮಗ್ಗ ನಿಲ್ಲುವುದಕ್ಕೆ ಲೈನ್ ಹೋಗುವುದೊಂದೇ ಕಾರಣವಲ್ಲ ಎಂಬುದನ್ನು ಆ ಪದ್ಧತಿ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಯಾರ ಮನೆ ಎಂದು ಸಂಹಿತಾ ಯಾರನ್ನೂ ಕೇಳಲಿಲ್ಲ. ಹೇಳಬಂದವರನ್ನು ಹೊಸ್ತಿಲಲ್ಲೇ ನಿಲ್ಲಿಸಿ ಕಳಿಸಿದಳು. ಲೈನ್‌ಮನ್ನನ ನಿರ್ಲಕ್ಷ್ಯವೇ ಕಾರಣ ಎಂದು ವಿದ್ಯುತ್ ಜಾಲ ಸಂಸ್ಥೆ ಹೇಳಿತು. ವಿಶ್ವವಿದ್ಯಾಲಯದಲ್ಲಿ ಅವಳು ಹರಳುಗಳ ಭೌತಶಾಸ್ತ್ರ ಕಲಿಸುತ್ತಿದ್ದಳು. ರಜೆ ಮುಗಿಯುವ ಮೊದಲೇ ಪ್ರಯೋಗಾಲಯಕ್ಕೆ ಹೋಗಿ ಕುಲುಮೆ ಹಚ್ಚಿದಳು.

ಮನೆಯ ವಿದ್ಯುತ್ತು ಹಿಂದಕ್ಕೆ ಹರಿಯದಂತೆ ತಡೆಯುವುದು ಕೇಳಲು ಸುಲಭ. ನೀರಾಗಿದ್ದರೆ ಕೊಳವೆಗೊಂದು ಕವಾಟ ಸಾಕು. ಆದರೆ ನಮ್ಮ ಮನೆಗೆ ಬರುವುದು ಪರ್ಯಾಯ ವಿದ್ಯುತ್ತು. ಅದು ಒಂದೇ ಕಡೆ ಹರಿಯುವುದಿಲ್ಲ, ಸೆಕೆಂಡಿಗೆ ಐವತ್ತು ಸಲ ಅತ್ತ ಹೋಗಿ ಇತ್ತ ಬರುತ್ತದೆ. ಹೋಗಿ ಬರುವುದೇ ಅದರ ಸ್ವಭಾವವಾದರೆ ಹಿಂದಕ್ಕೆ ಎನ್ನುವುದಕ್ಕೆ ಅರ್ಥವೇನು?

ಮಹಾನಂದಕ್ಕ ಇದನ್ನೇ ಕೇಳಿದ್ದಳು. ಸಂಹಿತಾ ಅವಳ ಅಡುಗೆಮನೆಯ ಕಡಗೋಲನ್ನು ತೋರಿಸಿ ಹೇಳಿದ್ದಳು: "ಅಕ್ಕಾರ, ಮಜ್ಜಿಗಿ ಮಾಡುವಾಗ ಹಗ್ಗ ಅತ್ತಾಗೂ ಹೋಗತೈತಿ, ಇತ್ತಾಗೂ ಬರತೈತಿ. ಆದ್ರ ದಣಿಯೂದು ಯಾವುದು?"

"ನನ್ನ ತೋಳು."

"ತಿರುಗೂದು?"

"ಕಡಗೋಲು. ಅದಕ್ಕೇನು ದಣಿವೈತಿ?"

"ಅಷ್ಟ. ಹಗ್ಗ ಎರಡೂ ಕಡಿಗೆ ಓಡಿದ್ರೂ ಶಕ್ತಿ ಒಂದ ಕಡಿಗೆ ಹೋಗತೈತಿ. ತೋಳಿನಿಂದ ಗಡಿಗಿಗೆ. ನಾನು ಹಿಡಿಯಬೇಕಾಗಿದ್ದು ಹಗ್ಗ ಅಲ್ಲ, ಆ ಶಕ್ತಿ ಹೋಗೂ ದಿಕ್ಕು."

ವಿದ್ಯುತ್ತಿನಲ್ಲಿ ಈ ದಿಕ್ಕನ್ನು ತಿಳಿಯಲು ಎರಡು ಸಂಗತಿಗಳನ್ನು ಒಟ್ಟಿಗೆ ನೋಡಬೇಕು: ತಂತಿಯ ಒತ್ತಡ, ಅಂದರೆ ವೋಲ್ಟೇಜು, ಮತ್ತು ಅದರಲ್ಲಿ ಹರಿಯುವ ಪ್ರವಾಹ. ಎರಡೂ ಒಂದೇ ತಾಳದಲ್ಲಿ ಏರಿ ಇಳಿದರೆ ಶಕ್ತಿ ಮನೆಯೊಳಗೆ ಬರುತ್ತಿದೆ. ಒಂದು ಏರುವಾಗ ಇನ್ನೊಂದು ಇಳಿದರೆ ಶಕ್ತಿ ಹೊರಗೆ ಹೋಗುತ್ತಿದೆ. ಇದನ್ನು ಅಳೆದು ಸ್ವಿಚ್ಚು ತೆಗೆಯುವ ಉಪಕರಣಗಳು ಬಹಳ ಹಿಂದಿನಿಂದ ಇದ್ದವು. ಅವು ಅಳೆಯಬೇಕು, ಯೋಚಿಸಬೇಕು, ಆಮೇಲೆ ತೆರೆಯಬೇಕು. ಅವಕ್ಕೆ ತಾಮ್ರದ ತುಂಡು ಜೋಡಿಸಿ ಕಣ್ಣು ಕಟ್ಟಬಹುದು. ದೂರದಿಂದ ಆಜ್ಞೆ ಕೊಟ್ಟು ಸುಮ್ಮನಿರಿಸಲೂಬಹುದು.

ಸಂಹಿತಾ ಮಾಡಿದ್ದು ಯೋಚಿಸದ ವಸ್ತು. ಪದರ ಪದರವಾಗಿ ಬೇಯಿಸಿದ ಒಂದು ಹರಳು, ಅಂಗೈ ಅಗಲದ ಕಪ್ಪು ಬಿಲ್ಲೆ. ತಾಳ ಕೂಡಿರುವವರೆಗೆ ಅದು ಲೋಹದ ಹಾಗೆ ವಿದ್ಯುತ್ತನ್ನು ಬಿಡುತ್ತದೆ. ತಾಳ ತಿರುಗಿದ ಕ್ಷಣ ಅದರೊಳಗಿನ ಅಣುಗಳ ಸಾಲು ಮಗುಚಿಕೊಂಡು ಗಾಜಿನಂತಾಗುತ್ತದೆ. ತಂತಿಯ ಕಡೆಯಿಂದ ಮತ್ತೆ ವಿದ್ಯುತ್ತಿನ ನಾಡಿ ಬರುವವರೆಗೆ ಗಾಜಾಗಿಯೇ ಇರುತ್ತದೆ. ಅದನ್ನು ಮನೆಯೊಳಗಲ್ಲ, ಕಂಬದ ತುದಿಯಲ್ಲಿ ಮನೆಯ ವೈರು ತಂತಿಗೆ ಸೇರುವ ಗಂಟಿನೊಳಗೇ ಎರಕ ಹೊಯ್ದು ಕೂರಿಸಬೇಕು. ಯಾರ ಕೈಗೂ ಎಟುಕುವುದಿಲ್ಲ. ಎಟುಕಿಸಿಕೊಳ್ಳುವ ಅಗತ್ಯವೂ ನೇಕಾರರಿಗೆ ಉಳಿಯಲಿಲ್ಲ, ಏಕೆಂದರೆ ಬ್ಯಾಟರಿ ಸದಾ ಮನೆಗೆ ಅಂಟಿಕೊಂಡೇ ಇರಬಹುದು. ಲೈನ್ ಹೋದರೂ ಮಗ್ಗ ತಡವರಿಸುವುದಿಲ್ಲ, ರೇಷ್ಮೆಯ ಮೇಲೆ ಗೆರೆ ಬೀಳುವುದಿಲ್ಲ. ಅವಳು ಅದಕ್ಕೆ ಏಕದಿಶಾ ಹರಳು ಎಂದು ಹೆಸರಿಟ್ಟಿದ್ದಳು. ಓಣಿಯವರು ತಡೆಗಲ್ಲು ಎಂದರು. ಅದೇ ಉಳಿಯಿತು.

ಈ ಒಂದು ಓಣಿಯಲ್ಲಿ ಕಲ್ಲು ಕೂರಿಸಿ ಪ್ರಯೋಗ ಮಾಡಲು ಜಾಲ ಸಂಸ್ಥೆ ಅನುಮತಿ ಕೊಟ್ಟಿತ್ತು. ದಸ್ತಗೀರ ತಂತಿ ಮುಟ್ಟಿ ಇಳಿದ ವಾರದಲ್ಲೇ ಸಂಸ್ಥೆಯ ವಿಭಾಗಾಧಿಕಾರಿ ಪ್ರಹ್ಲಾದ ಗಲಗಲಿ ಸ್ವತಃ ಬಂದರು. ಮಹಾನಂದಕ್ಕನ ಜಗಲಿಯಲ್ಲಿ ಕುಳಿತು, ಮಗ್ಗದ ಸದ್ದಿಗೆ ದನಿ ಏರಿಸಿ ಸಂಹಿತಾಳನ್ನು ಹೊಗಳಿದರು.

"ಅದ್ಭುತ ಕೆಲಸ, ಡಾಕ್ಟರ್. ರಾಜ್ಯದ ಪ್ರತಿ ಕಂಬಕ್ಕೂ ಇದು ಬರಬೇಕು. ಸಂಸ್ಥೆ ಸಿದ್ಧವಿದೆ. ಒಂದೇ ಒಂದು ಸಣ್ಣ ಬದಲಾವಣೆ."

"ಏನು?"

"ನಮ್ಮ ನಿಯಂತ್ರಣ ಕೇಂದ್ರದಿಂದ ಇದನ್ನು ತೆರೆಯಲು ಬರಬೇಕು. ಸಂಜೆ ಹೊತ್ತು ನಗರಕ್ಕೆ ವಿದ್ಯುತ್ತು ಸಾಲದೇ ಹೋದಾಗ ನಾವು ಮನೆಗಳ ಬ್ಯಾಟರಿಯಿಂದ ಸೆಳೆಯುತ್ತೇವೆ. ನಿಮಗೆ ಗೊತ್ತಿದೆ. ನಿಮ್ಮ ಕಲ್ಲು ಅದಕ್ಕೂ ಅಡ್ಡ ನಿಂತಿದೆ."

"ನಿಲ್ಲಬೇಕು ಅಂತಲೇ ಮಾಡಿದ್ದು."

"ದೂರದಿಂದ ತೆರೆಯುವ ಒಂದು ಕೀಲಿ ಕೇಳ್ತಿದ್ದೇವೆ, ಅಷ್ಟೆ. ಲೈನ್ ಜೀವಂತ ಇದ್ದಾಗ ಮಾತ್ರ ಬಳಸ್ತೇವೆ."

"ಲೈನ್ ಜೀವಂತ ಇದೆಯೋ ಸತ್ತಿದೆಯೋ ನಿಮ್ಮ ಕೇಂದ್ರಕ್ಕೆ ಹೇಗೆ ತಿಳಿಯುತ್ತೆ?"

"ಪರದೆಯ ಮೇಲೆ ಬರುತ್ತಲ್ಲ."

"ನನ್ನ ಗಂಡ ಸತ್ತ ದಿನ ಪರದೆಯ ಮೇಲೆ ಲೈನ್ ಸತ್ತೇ ಇತ್ತು" ಎಂದಳು ಸಂಹಿತಾ. ಅವಳ ದನಿ ಏರಲಿಲ್ಲ, ಇಳಿಯಲೂ ಇಲ್ಲ.

ಗಲಗಲಿ ಚಹಾದ ಲೋಟ ಕೆಳಗಿಟ್ಟರು. ಕೆಟ್ಟ ಮನುಷ್ಯರಲ್ಲ. ಮುಂದೆ ಬಾಗಿ ಹೇಳಿದರು: "ಒಂದು ಮಾತು ಕೇಳ್ತೇನೆ. ಬಿರುಗಾಳಿಗೆ ದೊಡ್ಡ ಲೈನು ಬಿದ್ದಿದೆ ಅನ್ನಿ. ಆಸ್ಪತ್ರೆಯಲ್ಲಿ ಒಬ್ಬರು ಯಂತ್ರದ ಮೇಲೆ ಉಸಿರಾಡ್ತಿದ್ದಾರೆ. ಈ ಓಣಿಯ ಬ್ಯಾಟರಿಗಳು ತುಂಬಿವೆ. ನಿಮ್ಮ ಕಲ್ಲು ಬಿಡೋದಿಲ್ಲ. ಆ ಸಾವು ಯಾರ ಲೆಕ್ಕ?"

ಕೀಲಿ ಕೊಡದಿದ್ದರೆ ಕಲ್ಲುಗಳನ್ನು ತೆಗೆಸಬೇಕಾಗುತ್ತದೆ, ಪ್ರಯೋಗಾಲಯಕ್ಕೆ ಸಂಸ್ಥೆ ಕೊಡುವ ನೆರವೂ ನಿಲ್ಲುತ್ತದೆ ಎಂದು ಹೇಳಿ ಗಲಗಲಿ ಎದ್ದರು.

ಅವರು ಹೋದ ಮೇಲೆ ಮಹಾನಂದಕ್ಕ ಮಗ್ಗ ನಿಲ್ಲಿಸದೆಯೇ ಕೇಳಿದಳು. "ಏನಂತಾನವ್ವ ಅವ?"

"ಆಸ್ಪತ್ರಿ ಮಾತು ಖರೇ ಐತಿ, ಅಕ್ಕಾರ."

"ಖರೇ ಇದ್ರ ಕೊಟ್ಟುಬಿಡ್ತೀ?"

"ಇಲ್ಲ. ಖರೇ ಅಂದ ಮ್ಯಾಲ ಬಿಡಾಕ ಬರೂದಿಲ್ಲ. ಏನರ ಮಾಡಬೇಕು."

ಆಸ್ಪತ್ರೆಯ ರೋಗಿ ಅವಳನ್ನು ಹಲವು ದಿನ ಕಾಡಿದ. ಶಕ್ತಿ ಹೊರಗೆ ಹೋಗುವುದು ತಪ್ಪಲ್ಲ. ತಂತಿಯ ಮೇಲೆ ಕೈ ಇದ್ದಾಗ ಹೋಗುವುದು ತಪ್ಪು. ಹಾಗಾದರೆ ಕೀಲಿ ಇರಬೇಕು. ಅದು ನಗರದ ಪರದೆಯ ಹಿಂದೆ ಇರಬಾರದು. ಎಲ್ಲಿರಬೇಕು ಎಂದು ದಸ್ತಗೀರನನ್ನು ಕೇಳಿದಳು.

"ನನ್ನ ಕೇಳಿದ್ರ" ಎಂದು ಅವನು ತಲೆ ಕೆರೆದುಕೊಂಡ. "ನಾ ಮ್ಯಾಲ ಇರುವಾಗ ತಳಗ ಯಾರ ಕೈಯಾಗೂ ಇರಬಾರದ್ರಿ. ನಮ್ಮಪ್ಪನ ಕೈಯಾಗೂ."

ಅದರಿಂದ ಕಲ್ಲಿನ ಎರಡನೆಯ ರೂಪ ಹುಟ್ಟಿತು. ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ಒಂದು ಹಿತ್ತಾಳೆಯ ಬೀಗ, ಅದಕ್ಕೆ ಒಂದೇ ಕೀಲಿಕೈ. ಕೀಲಿಕೈ ಬೀಗದಲ್ಲಿ ತಿರುಗಿ ನಿಂತಿರುವವರೆಗೆ ತೆಳ್ಳನೆಯ ಎಳೆಯೊಂದು ಓಣಿಯ ಎಲ್ಲ ಕಲ್ಲುಗಳಿಗೂ ಸಣ್ಣ ನಾಡಿ ಕಳಿಸುತ್ತದೆ, ಹರಳು ಎರಡೂ ಕಡೆ ಬಿಡುತ್ತದೆ. ಊರಿನ ಶಕ್ತಿ ಆಸ್ಪತ್ರೆಗೂ ಹೋಗಬಹುದು, ನಗರಕ್ಕೂ ಹೋಗಬಹುದು. ಕೀಲಿಕೈ ಕಿತ್ತರೆ ಅದು ಮತ್ತೆ ತಡೆಗಲ್ಲು. ಕಂಬ ಹತ್ತುವವರು ಕೀಲಿಕೈ ಕಿತ್ತು ಕಿಸೆಯಲ್ಲಿಟ್ಟುಕೊಂಡು ಹತ್ತಬೇಕು. ಅವರು ಇಳಿದು ಬರುವವರೆಗೆ ಜಗತ್ತಿನಲ್ಲಿ ಬೇರೆ ಯಾರೂ ಅದನ್ನು ತೆರೆಯಲಾರರು. ಮಾಡಿದ ಸಂಹಿತಾಳೂ ತೆರೆಯಲಾರಳು.

ಗಲಗಲಿ ಎರಡನೆಯ ಸಲ ಬಂದಾಗ ಜೀಪಿನ ಹಿಂದೆ ಏಣಿ ಇತ್ತು. ಮಧ್ಯಾಹ್ನದ ಬಿಸಿಲು. ಲೈನ್ ಬಂದ್ ಮಾಡಿಸಿಯೇ ಬಂದಿದ್ದರು. ಸಂಹಿತಾ ಕೊಟ್ಟ ಕೀಲಿಕೈಯನ್ನು ಅಂಗೈ ಮೇಲೆ ಇಟ್ಟುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಡಾಕ್ಟರ್, ಇಡೀ ರಾಜ್ಯದ ಜಾಲ ಒಬ್ಬ ಲೈನ್‌ಮನ್ನನ ಕಿಸೆಯಲ್ಲಿ ಇರೋದಾ? ಅವನು ಮರೆತು ಕೀಲಿಕೈ ಸಮೇತ ಮನೆಗೆ ಹೋದರೆ?"

"ಹೋದ್ರ ನಗರದಾಗ ಕತ್ತಲಿ ಆಗತೈತ್ರಿ ಸಾಹೇಬ್ರ" ಎಂದ ದಸ್ತಗೀರ. "ಬಂದು ಕದಾ ಬಡೀರಿ, ಕೊಡತೇನಿ. ಕತ್ತಲಿಂದ ಯಾರೂ ಕಂಬದ ಮ್ಯಾಲ ಸುಟ್ಟಿಲ್ರಿ."

"ನಿನ್ನನ್ನ ಕೇಳಲಿಲ್ಲ. ಏಣಿ ಹಾಕು. ಮೊದಲ ಮನೆಯಿಂದ ಶುರು ಮಾಡು. ಒಂದೊಂದಾಗಿ ಎಲ್ಲ ಕಲ್ಲೂ ಬಿಚ್ಚು."

ದಸ್ತಗೀರ ಏಣಿಯನ್ನು ಕಂಬಕ್ಕೆ ಆನಿಸಿದ. ಆನಿಸಿ ಪಕ್ಕಕ್ಕೆ ನಿಂತ.

"ಹತ್ತು."

"ಹತ್ತತೇನ್ರಿ. ಒಂದು ತಿಳೀವಲ್ತು. ಮೊದಲನೇ ಕಲ್ಲು ಬಿಚ್ಚಿದ್ನಿ ಅಂತ ತಿಳೀರಿ. ಆ ಮನಿ ಬ್ಯಾಟ್ರಿಗೆ ತಡೀನ ಇಲ್ಲ. ಎರಡನೇದು ಬಿಚ್ಚಾಕ ನಾ ಅದ ತಂತಿ ಮುಟ್ಟಬೇಕು. ಮುಟ್ಟಲೋ ಬ್ಯಾಡೋ?"

"ಲೈನ್ ಬಂದ್ ಆಗಿದೆ."

"ಮಗ್ಗ ಓಡಾಕ ಹತ್ಯಾವಲ್ರಿ."

ಗಲಗಲಿ ಓಣಿಯ ಕಡೆ ತಿರುಗಿದರು. "ಮಗ್ಗ ನಿಲ್ಲಿಸಿ! ಎಲ್ಲರೂ ಹತ್ತು ನಿಮಿಷ ನಿಲ್ಲಿಸಿ!"

ಬಾಗಿಲುಗಳಲ್ಲಿ ಜನ ನಿಂತಿದ್ದರು. ಯಾರೂ ಒಳಗೆ ಹೋಗಲಿಲ್ಲ. ಮಹಾನಂದಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಟ್ಟೆ ಇಳಿದಳು.

"ನಿಲ್ಲಸೂದಿಲ್ಲ."

"ಯಾಕಮ್ಮ?"

"ನಾವು ನಿಲ್ಲಸ್ತೀವಿ, ನೀವು ಹತ್ತರಿ ಅಂತೀರಿ, ಅವ ಹತ್ತತಾನು. ಎಷ್ಟು ಹೆಣಾ ಇಳಿಸಬೇಕ್ರಿ ಹಿಂಗ ಸದ್ದು ಕೇಳಿಕೋತ? ಈಗ ಕಲ್ಲು ಅದಾವು. ಮಗ್ಗ ಓಡಲಿ. ಓಡುವಾಗ ಹತ್ತೂದಾದ್ರ ಹತ್ತಲಿ."

"ನೋಡಿ, ಇವರಿಗೆಲ್ಲ ವಿಜ್ಞಾನ ತಿಳಿಯೋಲ್ಲ, ನೀವಾದರೂ..." ಎಂದು ಗಲಗಲಿ ಸಂಹಿತಾಳ ಕಡೆ ತಿರುಗಿದರು.

"ಕೇಂದ್ರಕ್ಕೆ ಫೋನ್ ಮಾಡಿ" ಎಂದಳು ಅವಳು. "ಈ ಓಣಿಯ ಲೈನ್ ಸತ್ತಿದೆಯಾ ಅಂತ ಕೇಳಿ."

ಗಲಗಲಿ ಫೋನ್ ಮಾಡಿದರು. ಎಲ್ಲರಿಗೂ ಕೇಳಲಿ ಎಂದು ದನಿ ಜೋರು ಮಾಡಿದರು. ನಗರದ ತಣ್ಣನೆಯ ಕೋಣೆಯಿಂದ ಒಬ್ಬ ಯುವಕ ಹೇಳಿದ: "ಸತ್ತಿದೆ ಸರ್. ಪರದೆಯಲ್ಲಿ ಪೂರ್ತಿ ಕಪ್ಪಾಗಿದೆ. ಶೇಕಡಾ ನೂರು ಸುರಕ್ಷಿತ."

"ಸಾಕಲ್ಲ?" ಎಂದರು ಗಲಗಲಿ.

"ಸಾಕು" ಎಂದಳು ಸಂಹಿತಾ. "ದಸ್ತಗೀರ ಹತ್ತಿ ಮೊದಲನೇ ಕಲ್ಲು ಬಿಚ್ಚುತ್ತಾನೆ. ಬಿಚ್ಚಿದ ಮೇಲೆ ಅವನು ಇಳಿಯುತ್ತಾನೆ, ನೀವು ಹತ್ತಿ. ಹತ್ತಿ ತಂತಿ ಹಿಡಿದುಕೊಳ್ಳಿ. ನೀವು ಹಿಡಿದಿರುವಷ್ಟು ಹೊತ್ತು ಇವನು ಉಳಿದ ಕಲ್ಲುಗಳನ್ನೆಲ್ಲ ಬಿಚ್ಚಿ ಕೊಡುತ್ತಾನೆ. ನಾನು ಅಡ್ಡ ಬರುವುದಿಲ್ಲ."

ಗಲಗಲಿ ಏಣಿಯ ಕಡೆ ನೋಡಿದರು. ಆಮೇಲೆ ತಂತಿಯ ಕಡೆ. ಮೊದಲ ಮನೆಯೊಳಗೆ ಮಗ್ಗ ಓಡುತ್ತಲೇ ಇತ್ತು. ಮೂಲೆಯಲ್ಲಿ ಬ್ಯಾಟರಿಯ ಹಸಿರು ದೀಪ ಉರಿಯುತ್ತಿತ್ತು. ಆ ಮನೆಯ ಸ್ವಿಚ್ಚಿನಲ್ಲಿ ತಾಮ್ರದ ತುಂಡು ಇದೆಯೋ ಇಲ್ಲವೋ ಎಂದು ಅವರಿಗೆ ತಿಳಿಯದು. ಅದು ಆ ಓಣಿಯಲ್ಲಿ ಯಾರಿಗೂ ಖಚಿತವಾಗಿ ತಿಳಿಯದು. ಫೋನಿನಲ್ಲಿ ಯುವಕ "ಸರ್? ಸರ್, ಸುರಕ್ಷಿತ ಸರ್" ಎನ್ನುತ್ತಲೇ ಇದ್ದ.

ಅವರು ಏಣಿಯ ಮೊದಲ ಮೆಟ್ಟಿಲ ಮೇಲೆ ಕೈ ಇಟ್ಟರು. ಬಿಸಿಲಿಗೆ ಕಾದಿತ್ತು. ಕೈ ತೆಗೆದರು.

"ಹತ್ತೂದಿಲ್ಲೇನ್ರಿ?" ಎಂದಳು ಮಹಾನಂದಕ್ಕ. ಈ ಸಲ ಯಾರೂ ನಗಲಿಲ್ಲ.

ಗಲಗಲಿ ಫೋನ್ ಆರಿಸಿದರು. ಕೀಲಿಕೈಯನ್ನು ದಸ್ತಗೀರನ ಕೈಗೆ ಕೊಡಲೂ ಇಲ್ಲ, ತಾವು ಇಟ್ಟುಕೊಳ್ಳಲೂ ಇಲ್ಲ. ಜೀಪಿನ ಮುಂಭಾಗದ ಮೇಲೆ ಇಟ್ಟರು. ದಸ್ತಗೀರ ಎತ್ತಿಕೊಂಡ. ಏಣಿ ಜೀಪಿನ ಹಿಂದಕ್ಕೆ ಹೋಯಿತು.

ಜಾಲ ಸಂಸ್ಥೆ ತಡೆಗಲ್ಲನ್ನು ಒಪ್ಪಲಿಲ್ಲ. ಪ್ರಯೋಗಾಲಯದ ನೆರವು ನಿಂತಿತು, ಕುಲುಮೆಗೆ ಬೀಗ ಬಿತ್ತು. ಬೀಗ ಬೀಳುವ ಮುಂಚೆ ಸಂಹಿತಾ ಹರಳು ಬೇಯಿಸುವ ವಿಧಾನವನ್ನು, ಯಾವ ಪುಡಿ ಎಷ್ಟು, ಉರಿ ಎಷ್ಟು ಹೊತ್ತು ಎಂಬುದನ್ನೆಲ್ಲ, ಯಾರು ಬೇಕಾದರೂ ಓದುವಂತೆ ಪ್ರಕಟಿಸಿಬಿಟ್ಟಿದ್ದಳು. ಅದರ ಮೇಲೆ ಯಾರ ಹಕ್ಕೂ ಇಲ್ಲ ಎಂದು ಕೊನೆಗೆ ಒಂದು ಸಾಲು ಸೇರಿಸಿದ್ದಳು. ಸ್ವಲ್ಪ ಕಾಲದಲ್ಲೇ ದೂರದ ಊರುಗಳಲ್ಲಿ ಟೈಲ್ಸ್ ಸುಡುವವರು ತಮ್ಮ ಭಟ್ಟಿಯ ಒಂದು ಮೂಲೆಯಲ್ಲಿ ಕಪ್ಪು ಬಿಲ್ಲೆ ಬೇಯಿಸತೊಡಗಿದರು.

ದೊಡ್ಡ ಬದಲಾವಣೆ ಬಂದದ್ದು ಅದರಿಂದ ಅಲ್ಲ. ಲೈನ್‌ಮನ್‌ಗಳು ಕಂಬದ ಬುಡದಲ್ಲಿ ನಿಂತು, ಮುಂಚೆ ಕೇಳದಿದ್ದ ಒಂದು ಪ್ರಶ್ನೆಯನ್ನು ಕೇಳತೊಡಗಿದರು. "ಕೀಲಿಕೈ ಎಲ್ಲಿ?" ಇಲ್ಲ ಎಂದರೆ ಹತ್ತುತ್ತಿರಲಿಲ್ಲ. ಹೆದರಿಸಿದರೆ ಏಣಿಯನ್ನು ಹೆದರಿಸಿದವರ ಕಡೆಗೆ ತಿರುಗಿಸುತ್ತಿದ್ದರು. ಕತ್ತಲೆಯಲ್ಲಿ ಕುಳಿತ ನಗರಗಳು ಮೊದಲು ಬೈದವು, ಆಮೇಲೆ ಕಾರಣ ಕೇಳಿದವು. ಕಾರಣ ಗೊತ್ತಾದ ನಂತರ, ಕಂಬದ ಮೇಲೆ ಒಬ್ಬರು ಇರುವಾಗ ತಮ್ಮ ದೀಪ ಆರಿದ್ದು ಯಾಕೆಂದು ಮಕ್ಕಳಿಗೆ ಹೇಳುವುದನ್ನು ಕಲಿತವು.

ಇದೆಲ್ಲ ಇನ್ನೂ ನಡೆಯಬೇಕಾದ ಕತೆ. ಆ ಹರಳನ್ನು ಈವರೆಗೆ ಯಾರೂ ಬೇಯಿಸಿಲ್ಲ. ಇವತ್ತು ಕರೆಂಟು ಹೋದರೆ ನಾವು ಗೊಣಗುತ್ತ ಎದ್ದು ಜನರೇಟರಿನ ಹಗ್ಗ ಎಳೆಯುತ್ತೇವೆ. ಅದರ ವೈರನ್ನು ಎಲ್ಲಿಗೆ ಜೋಡಿಸಿದ್ದೇವೆ ಎಂದು ಒಮ್ಮೆಯೂ ನೋಡುವುದಿಲ್ಲ. ನಮಗೆ ಫ್ಯಾನು ತಿರುಗಬೇಕು. ಅದೇ ಹೊತ್ತಿಗೆ ರಸ್ತೆಯ ತಿರುವಿನಲ್ಲಿ, ನಮಗೆ ಕಾಣದ ಒಂದು ಕಂಬದ ಮೇಲೆ, ನಮ್ಮ ಕರೆಂಟನ್ನೇ ಸರಿಮಾಡಲು ಒಬ್ಬರು ಕೈ ಚಾಚುತ್ತಿರುತ್ತಾರೆ. ಅವರ ಕಿಸೆ ಖಾಲಿ ಇದೆ.